ನನ್ನ ಸ್ವ ಇಚ್ಛೆಯಿಂದ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಬಂದು ಬೀಗ ತೆಗೆಯುವಷ್ಟರಲ್ಲಿ ತಲೆಯ ಮೇಲೆ ಸದ್ದು ಶುರುವಾಗಿತ್ತು. ಮೊದಲು ಲಾರಿ ಅಂದುಕೊಂಡೆ. ಮಡಿಕೇರಿ ರಸ್ತೆಯಲ್ಲಿ ಲಾರಿಗೇನು ಬರವೇ. ಮೇಜಿನ ಮೇಲಿದ್ದ ಸ್ಟಾಂಪ್ ಪ್ಯಾಡು ತನ್ನಷ್ಟಕ್ಕೆ ನಡೆದುಕೊಂಡು ಅಂಚಿಗೆ ಬಂದಾಗ ಎದ್ದು ಹೊರಗೆ ಹೋಗಿ ನೋಡಿದೆ. ತಾರಸಿಯ ಮೇಲೆ ಇಬ್ಬರು ನಿಂತು ಬ್ರೇಕರ್ ಮಿಷನ್ನಿನಲ್ಲಿ ಪ್ಯಾರಾಪೆಟ್ಟು ಗೋಡೆ ಒಡೆಯುತ್ತಿದ್ದಾರೆ. ಕಟ್ಟಡದ ಯಜಮಾನ ಚೆಲುವರಾಜು ಬೀದಿಯಲ್ಲಿ ನಿಂತು, ಮಗಳ ಮದುವೆಯ ಚಪ್ಪರ ನೋಡುವವನ ಹಾಗೆ ಮೇಲೆ ನೋಡುತ್ತಿದ್ದಾನೆ.

"ಏನಪ್ಪಾ ಇದು?" ಅಂದೆ.

"ಮ್ಯಾಲೆ ಎರಡು ಫ್ಲೋರು ಎತ್ತಿಸ್ತಾ ಇವ್ನಿ ಕಣ್ರೀ ಶಿವನಂಜಪ್ಪೋರೆ. ಲಾಡ್ಜು. ನಿಮ್ಗೇನ್ ತೊಂದ್ರೆ ಇಲ್ಲ ಬುಡಿ, ನೀವು ಕೆಳಗಡೆ ತಾನೆ."

ನಾನು ಕೆಳಗಡೆ ಇರುವುದೇ ತೊಂದರೆ ಎಂಬುದು ಆ ಮನುಷ್ಯನ ತಲೆಗೆ ಹೋಗಲಿಲ್ಲ. ಈ ಕೋಣೆಯಲ್ಲಿ ನಮ್ಮಪ್ಪ ಪತ್ರ ಬರೆದರು, ಈಗ ನಾನು ಬರೆಯುತ್ತಿದ್ದೇನೆ. ಹುಣಸೂರು ತಾಲ್ಲೂಕಿನಲ್ಲಿ ಕ್ರಯಪತ್ರ, ದಾನಪತ್ರ, ಹಕ್ಕು ಖುಲಾಸೆ ಪತ್ರ ಏನೇ ಆಗಲಿ, ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದವನ ಹೆಸರು ಹಾಕುವ ಜಾಗದಲ್ಲಿ ನನ್ನ ಹೆಸರಿದ್ದರೆ ಅದಕ್ಕೊಂದು ತೂಕ. ಅಂಥವನ ತಲೆಯ ಮೇಲೆ ಲಾಡ್ಜು.

ಮನೆಗೆ ಬಂದು ಇಷ್ಟನ್ನೂ ಹೇಳಿಕೊಂಡರೆ ಹೆಂಡತಿ ಸುನಂದ ಬೀರುವಿನಿಂದ ಸಹಕಾರ ಸಂಘದವರು ಕೊಟ್ಟಿದ್ದ ಡೈರಿ ತೆಗೆದು ಮುಂದಿಟ್ಟಳು. "ನನ್ನ ಹತ್ರ ಗೊಣಗಬೇಡಿ, ಇದರಲ್ಲಿ ಗೊಣಗಿ" ಅಂದಳು. ಆಗಲಿ. ಇದಾದರೂ ನಡುವೆ ಎದ್ದು ಒಲೆಯ ಕಡೆ ಹೋಗುವುದಿಲ್ಲ.

ಫೆಬ್ರವರಿ 6, ಗುರುವಾರ

ಪತ್ರ ಓದುವುದು ಅಂದರೆ ಪೇಪರು ಓದಿದ ಹಾಗಲ್ಲ. ರಿಜಿಸ್ಟ್ರಿಗೆ ಹೋಗುವ ಮೊದಲು ಬರೆದುಕೊಡುವವರು, ಬರೆಸಿಕೊಳ್ಳುವವರು, ಸಾಕ್ಷಿಗಳು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಮೊದಲಿಂದ ಕೊನೆಯತನಕ ಗಟ್ಟಿಯಾಗಿ ಓದಬೇಕು. 'ಓದಿಸಿ ಕೇಳಿ ಒಪ್ಪಿ ಸಹಿ ಮಾಡಿರುತ್ತೇನೆ' ಎಂದು ಕೊನೆಯಲ್ಲಿ ಬರೆದಿರುತ್ತದಲ್ಲ, ಅದು ಸುಳ್ಳಾಗಬಾರದು. ನಮ್ಮಪ್ಪನ ಕ್ರಮ ಇನ್ನೂ ಬಿಗಿ. ಓದುವಾಗ ವಾಕ್ಯ ನಡುವೆ ಕಡಿದರೆ ಆ ವಾಕ್ಯವನ್ನು ಮತ್ತೆ ಮೊದಲಿನಿಂದ ಓದಬೇಕು. ತುಂಡಾದ ವಾಕ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ. ಆದರೆ ನಾನು ಬಿಟ್ಟಿಲ್ಲ.

ನನಗೆ ಅದು ಕಷ್ಟವೂ ಆಗಿರಲಿಲ್ಲ. ಪೂರ್ತಿ ಒಂದು ಪುಟದ ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತೇನೆ. ಎದುರಿಗೆ ಕೂತವರು 'ಹೂಂ, ಹೂಂ' ಅನ್ನುತ್ತಿರುತ್ತಾರೆ. ನಾನು ಮುಗಿಸುವಷ್ಟರಲ್ಲಿ ವಾಣಿಶ್ರೀ ಇಂಕ್ ಪ್ಯಾಡು ತೆರೆದಿಟ್ಟಿರುತ್ತಾಳೆ. ವಾಣಿಶ್ರೀ ಅಂದರೆ ನಮ್ಮ ಟೈಪಿಂಗ್ ಹುಡುಗಿ. ಹುಡುಗಿ ಅನ್ನುವುದು ರೂಢಿ, ಅವಳಿಗೆ ಮದುವೆಯಾಗಿ ಮಗುವಿದೆ.

ಇವತ್ತು ಒಂದು ಕ್ರಯಪತ್ರ. ಹಳ್ಳಿಯ ಗಂಡ ಹೆಂಡತಿ. ನಾನು ಶುರುಮಾಡಿದೆ, ಮೇಲಿನವನೂ ಶುರುಮಾಡಿದ. ನಾನು ಧ್ವನಿ ಏರಿಸಿದೆ. ಅವನು ನಿಲ್ಲಿಸಿದಾಗ ನಾನು ಇಡೀ ಬೀದಿಗೆ ಕೇಳುವ ಹಾಗೆ ಅವರ ಚೆಕ್ಕುಬಂದಿ ಕೂಗುತ್ತಿದ್ದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಓಣಿ ಎಂದು ಎದುರಿನ ಟೀ ಅಂಗಡಿಯವರಿಗೆಲ್ಲ ಗೊತ್ತಾಯಿತು. ಅತ್ತ ಆ ಹೆಂಗಸು ಯಾವುದಕ್ಕೆ ಹೂಂ ಅನ್ನುತ್ತಿದ್ದಾಳೆ ಎಂದು ಗಮನಿಸಿದರೆ, ಮಿಷನ್ನು ಒಂದೊಂದು ಸಲ ನಿಂತಾಗಲೂ ಹೂಂ ಅನ್ನುತ್ತಿದ್ದಳು. ಗಂಟಲು ಕಟ್ಟಿದೆ.

ಫೆಬ್ರವರಿ 10, ಸೋಮವಾರ

ಚೆಲುವರಾಜುವಿನ ಮನೆಗೇ ಹೋದೆ. ಕಾಫಿ ಕೊಟ್ಟ. ಪರ್ಮಿಷನ್ನಿನ ಕಾಗದ ತೋರಿಸಿದ. ನಾನು ಕೇಳಿದ್ದು ಕಾಗದ ಅಲ್ಲ.

"ಹೊತ್ತು ನೋಡಿ ಒಡೆಸಬಾರದಾ? ಬೆಳಿಗ್ಗೆ ಹತ್ತಕ್ಕೆ ಮುಂಚೆ, ಸಂಜೆ ಐದರ ಮೇಲೆ?"

"ಕೆಲ್ಸದೋರು ಒಪ್ಪಬೇಕಲ್ಲ ಸ್ವಾಮಿ. ಪಿಲ್ಲರ್ ಕಂಬಿ ಬಿಡಿಸೋಗಂಟ ಇರ್ತದೆ, ಆಮ್ಯಾಕೆ ಸದ್ದೇ ಇರಕಿಲ್ಲ."

"ಆಮೇಲೆ ಕಾಂಕ್ರೀಟು ಕಲಸುವ ಮಿಲ್ಲರು?"

"ಅದು ಬುಡಿ, ಅದೊಂದು ಸದ್ದಾ" ಅಂದ.

ಅವರಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆ ಮನುಷ್ಯ ಕೋಣೆಗೆ ಸುಣ್ಣ ಹೊಡೆಸಬೇಕಾದರೂ ನಮ್ಮಪ್ಪನನ್ನು ಬಂದು ಕೇಳುತ್ತಿದ್ದ. ಕೇಳುವುದು ಎಂಬ ಪದ್ಧತಿಯೇ ಈ ಊರಿನಿಂದ ಹೊರಟುಹೋಗಿದೆ.

ಫೆಬ್ರವರಿ 12

ಧೂಳು. ಪ್ರಿಂಟರಿನಲ್ಲಿ ಧೂಳು, ಕಾಫಿಯಲ್ಲಿ ಧೂಳು, ನಮ್ಮಪ್ಪನ ಫೋಟೊದ ಮೇಲೆ ಧೂಳು. ಇವತ್ತು ಇಷ್ಟೇ.

ಫೆಬ್ರವರಿ 17, ಸೋಮವಾರ

ಬಹಳ ದಿನದ ಮೇಲೆ ಮನಸ್ಸಿಗೆ ಒಪ್ಪುವ ಕೆಲಸ ಬಂತು. ಸಣ್ಣಬೀರಯ್ಯನ ಮಗ ಶಿವಣ್ಣ. ಆ ಮನೆಯ ಪತ್ರಗಳೆಲ್ಲ ನಮ್ಮಲ್ಲೇ ಆಗಿರುವುದು, ನಮ್ಮಪ್ಪನ ಕಾಲದಿಂದ. ಸಣ್ಣಬೀರಯ್ಯ ಹೋದ ವರ್ಷ ತೀರಿಕೊಂಡ, ಹೆಂಡತಿ ಅದಕ್ಕೂ ಮುಂಚೆ ಹೋಗಿದ್ದಳು. ಕೆರೆ ಕೆಳಗಿನ ಗದ್ದೆ, ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ನು, ಇಷ್ಟು ಆಸ್ತಿ. ಮಕ್ಕಳು ಇಬ್ಬರೇ, ಶಿವಣ್ಣ ಮತ್ತು ತಂಗಿ ಬೀರಮ್ಮ. ತಂಗಿಯನ್ನು ಚುಂಚನಕಟ್ಟೆಯ ಹತ್ತಿರ ಕೊಟ್ಟಿದ್ದಾರೆ. ಅವಳು ತನ್ನ ಭಾಗದ ಹಕ್ಕು ಬಿಟ್ಟು ಖುಲಾಸೆ ಪತ್ರ ಮಾಡಿಕೊಟ್ಟರೆ ಖಾತೆ ಪೂರ್ತಿ ಅಣ್ಣನ ಹೆಸರಿಗಾಗುತ್ತದೆ.

"ಒಪ್ಪಿದ್ದಾಳೆ ತಾನೆ?" ಅಂದೆ. ಕೇಳುವುದು ರೂಢಿ.

"ಒಪ್ದೆ ಏನ್ ಸ್ವಾಮಿ, ಹೆಣ್ಮಕ್ಳು. ಒಳ್ಳೆ ಸೀರೆ ತಗ್ದಿವ್ನಿ. ಗುರುವಾರ ಕರ್ಕಬತ್ತೀನಿ."

ಕೂತು ಬರೆಸಿದೆ. ಎರಡು ಪುಟ, ಒಂದೇ ವಾಕ್ಯ. 'ನನ್ನ ಸ್ವ ಇಚ್ಛೆಯಿಂದ, ಯಾರ ಒತ್ತಾಯ ಬಲವಂತವೂ ಇಲ್ಲದೆ' ಎಂದು ಶುರುವಾಗಿ, ಮೂರೂ ಆಸ್ತಿಯ ಷೆಡ್ಯೂಲನ್ನು ಹೊಟ್ಟೆಯಲ್ಲಿಟ್ಟುಕೊಂಡು, 'ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಎಲ್ಲೂ ಒಂದು ಬೆಸುಗೆ ಕಾಣುವುದಿಲ್ಲ. ಇಂಥ ಪತ್ರ ಈಗ ಯಾರು ಬರೆಯುತ್ತಾರೆ. ನಮ್ಮಪ್ಪ ಇದ್ದಿದ್ದರೆ ತಲೆದೂಗುತ್ತಿದ್ದರು.

ಫೆಬ್ರವರಿ 20, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಶಿವಣ್ಣ, ಇಬ್ಬರು ಸಾಕ್ಷಿಗಳು, ಬೀರಮ್ಮ ಬಂದು ಕೂತರು. ಬೀರಮ್ಮನಿಗೆ ಐವತ್ತರ ಹತ್ತಿರ. ಹೊಸ ಸೀರೆ, ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಅಣ್ಣ ಟೀ ತರಿಸಿ ಕೊಟ್ಟ, ಕುಡಿದಳು. ನಾನು ಕನ್ನಡಕ ಹಾಕಿಕೊಂಡು ಶುರುಮಾಡಿದೆ.

"ನನ್ನ ಸ್ವ ಇಚ್ಛೆಯಿಂದ, ಯಾರ ಒತ್ತಾಯ..."

ಮೇಲೆ ಮಿಷನ್ನು. ಕಾದೆ. ನಿಂತಿತು. ವಾಕ್ಯ ಕಡಿದಿತ್ತಲ್ಲ, ಕ್ರಮ ಬಿಡಬಾರದು, ಮೊದಲಿನಿಂದ ಓದಿದೆ. "ನನ್ನ ಸ್ವ ಇಚ್ಛೆಯಿಂದ, ಯಾರ ಒತ್ತಾಯ ಬಲವಂತವೂ..." ಮತ್ತೆ ಮಿಷನ್ನು. ಕಾಯುವಾಗ ಎಲ್ಲಿ ನೋಡುವುದು? ಕಾಗದ ನೋಡಿದರೆ ಅಕ್ಷರ ಕುಣಿಯುತ್ತಿತ್ತು. ಎದುರಿಗೆ ಕೂತವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ನಿಂತಿತು. ಮೂರನೇ ಸಲ ಓದಿದೆ. ಈ ಸಲ ಮಿಷನ್ನಿನ ಜೊತೆಗೆ ಸೂರಿನಿಂದ ಗಾರೆಯ ಒಂದು ಹೆಂಟೆ ಬಿತ್ತು. ಶಿವಣ್ಣ ಎದ್ದು ಹೊರಗೆ ಹೋಗಿ ಕೂಗಾಡಿ ಬಂದ. ನಾಲ್ಕನೇ ಸಲ ಶುರುಮಾಡಿದೆ.

"ನನ್ನ ಸ್ವ ಇಚ್ಛೆಯಿಂದ..."

"ತಡೀರಿ ಸ್ವಾಮಿ" ಅಂದಳು ಬೀರಮ್ಮ.

ಓದುವಾಗ ಯಾರೂ ತಡೆಯುವುದಿಲ್ಲ. ನಾನು ತಲೆ ಎತ್ತಿದೆ.

"ಅದೇ ಮಾತ ನಾಕು ಸಲ ಓದುದ್ರಿ. ನಿಮ್ದೇನ್ ತಪ್ಪಿಲ್ಲ ಬುಡಿ. ಆದ್ರೆ ನನ್ ಇಚ್ಛೆ ಅಂತ ಬರ್ದದೆ. ನನ್ ಇಚ್ಛೆ ಏನು ಅಂತ ಯಾರೂ ಕೇಳ್ನೇ ಇಲ್ವಲ್ಲ."

"ಅದು ಬರೆಯುವ ಪದ್ಧತಿ ಕಣಮ್ಮ. ಎಲ್ಲಾ ಪತ್ರದಲ್ಲೂ ಇರುತ್ತೆ."

"ಇರ್ಲಿ ಸ್ವಾಮಿ. ಕೇಳುದ್ರಾ ಯಾರಾರೂವೆ?"

ಶಿವಣ್ಣ ಮೊದಲು ನಕ್ಕ. ಆಮೇಲೆ "ಏ ಬೀರಿ, ಜನದ್ ಮುಂದೆ ಏನಿದು, ಹೆಬ್ಬೆಟ್ಟು ಒತ್ತು" ಅಂದ. "ನಂಗೆ ಸೈನು ಬತ್ತದೆ" ಅಂದಳು ಅವಳು. ಎದ್ದಳು. ಟೀ ಲೋಟವನ್ನು ತಾನೇ ತೆಗೆದು ಬಾಗಿಲ ಪಕ್ಕ ಇಟ್ಟು, ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದಳು.

ಮಿಷನ್ನು ಆಮೇಲೆ ಅರ್ಧ ಗಂಟೆ ಬಾಯಿಯೇ ಬಿಡಲಿಲ್ಲ. ಊಟದ ಹೊತ್ತು.

ಫೆಬ್ರವರಿ 21, ಶುಕ್ರವಾರ

ಶಿವಣ್ಣ ಬಂದು ಹೇಳಿದ. "ನೀವು ಯಾವಾಗ್ಲೂ ಓದೋ ಅಂಗೆ ಸರಾಗವಾಗಿ ಓದಿದ್ರೆ ಸೈನು ಆಗೋಗಿರೋದು ಸ್ವಾಮಿ. ನಿಂತು ನಿಂತು ಓದಿ ಕೆಡಿಸ್ಬುಟ್ರಿ."

ಅವನ ಮಾತು ನೂರಕ್ಕೆ ನೂರು ನಿಜ. ನಾನು ಸರಾಗವಾಗಿ ಓದಿದ್ದರೆ ಅವಳಿಗೆ ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ, ಕೆಲಸ ಸುಸೂತ್ರವಾಗಿ ಮುಗಿಯುತ್ತಿತ್ತು. ಆ ಎರಡು ಪುಟದ ಪತ್ರ, ಅಷ್ಟು ಚೆಂದದ ಪತ್ರ, ಸಹಿಯಿಲ್ಲದೆ ಡ್ರಾಯರಿನಲ್ಲಿ ಬಿದ್ದಿದೆ. ಇದಕ್ಕೆಲ್ಲ ಯಾರು ಹೊಣೆ? ಚೆಲುವರಾಜು.

ತಂಗಿಯನ್ನು ಇನ್ನು ಮನೆಗೆ ಸೇರಿಸುವುದಿಲ್ಲವಂತೆ. ತವರಿನ ಬಾಗಿಲು ಮುಚ್ಚಿತು ಎಂದು ಫೋನು ಮಾಡಿ ಹೇಳಿಬಿಟ್ಟನಂತೆ. ಒಂದು ಪ್ಯಾರಾಪೆಟ್ಟು ಒಡೆಯಲು ಹೋಗಿ ಏನೇನು ಒಡೆಯುತ್ತಾರೆ ನೋಡಿ.

ಮಾರ್ಚ್ 4, ಮಂಗಳವಾರ

ಮೇಸ್ತ್ರಿಯ ಹತ್ತಿರ ನೇರವಾಗಿ ಮಾತಾಡಿದೆ. ಪುಟ್ಟಸ್ವಾಮಿ ಅಂತ, ಪಿರಿಯಾಪಟ್ಟಣದ ಕಡೆಯವನು. ಯಜಮಾನನಿಗಿಂತ ವಾಸಿ. ನಾನು ಓದುವಾಗ ಕಿಟಕಿಗೆ ಕೆಂಪು ಟವೆಲ್ಲು ಕಟ್ಟಬೇಕು, ಅದು ಕಂಡರೆ ಅವನು ನಿಲ್ಲಿಸುತ್ತಾನೆ.

"ಓದಿ ಮುಗುದ್ ತಕ್ಷಣ ತಗ್ದ್ಬುಡಿ ಸ್ವಾಮಿ. ಕಲಸಿದ ಕಾಂಕ್ರೀಟು ನಿಮ್ ಪತ್ರಕ್ಕೆ ಕಾಯಕಿಲ್ಲ."

ಅಂದರೆ ನನ್ನ ಓದಿಗೆ ಒಬ್ಬ ಮೇಸ್ತ್ರಿ ಟೈಮು ಕೊಡುವ ಹಾಗಾಯಿತು. ಆದರೂ ಒಪ್ಪಿದೆ. ಸೆಂಟ್ರಿಂಗ್ ಹಲಗೆ ಬಡಿಯುವ ಸದ್ದಿಗೆ ಟವೆಲ್ಲಿನ ಲೆಕ್ಕವಿಲ್ಲವಂತೆ. ಅದನ್ನೂ ಒಪ್ಪಿದೆ.

ಮಾರ್ಚ್ 11, ಮಂಗಳವಾರ

ಉದ್ದ ವಾಕ್ಯ ಇನ್ನು ಸಾಧ್ಯವಿಲ್ಲ. ಟವೆಲ್ಲು ಕಟ್ಟಿದ್ದರೂ ಮೇಲಿಂದ ಹಲಗೆ ಬೀಳುತ್ತದೆ, ಯಾರೋ ಜಲ್ಲಿ ಸುರಿಯುತ್ತಾನೆ, ನಾನು ಮತ್ತೆ ಪುಟದ ತಲೆಗೆ ಹೋಗಬೇಕು. ಹೀಗೇ ಆದರೆ ಸಾಯುವತನಕ ಒಂದೇ ಪತ್ರ ಓದುತ್ತಿರಬೇಕಾಗುತ್ತದೆ. ಇವತ್ತು ವಾಣಿಶ್ರೀಗೆ ಹೇಳಿ ಒಂದು ಕ್ರಯಪತ್ರವನ್ನು ಕಡಿಸಿದೆ. ಕಡಿಸುವುದು ಅಂದರೆ ಕಡಿಸುವುದೇ. ಒಂದು ವಿಷಯಕ್ಕೆ ಒಂದು ವಾಕ್ಯ, ಒಂದು ಉಸಿರಿಗೆ ಒಂದು ವಾಕ್ಯ. ಕಡಿದರೂ ಹೋಗುವುದು ಒಂದೇ ಸಾಲು. ಸೌದೆ ಒಟ್ಟಿದ ಹಾಗೆ ಕಾಣುತ್ತಿತ್ತು.

ವಾಣಿಶ್ರೀ ಟೈಪು ಮಾಡಿ ಮುಗಿಸಿ, "ಸಾರ್, ಈಗ ನಂಗೂ ಅರ್ಥ ಆಯ್ತು" ಅಂದಳು.

ನನ್ನ ಪತ್ರಗಳನ್ನು ಆರು ವರ್ಷದಿಂದ ಟೈಪು ಮಾಡುತ್ತಿರುವವಳು ಇವಳು.

ಇನ್ನೊಂದು ಪೀಡೆ ಶುರುವಾಗಿದೆ. ವಾಕ್ಯ ಮುಗಿದಲ್ಲೆಲ್ಲ ಜನ ಬಾಯಿ ಹಾಕುತ್ತಾರೆ. "ಅಂದ್ರೆ ಓಣಿ ನಂದಾ ಅವ್ರದಾ?" "ಬಾವಿ ಸೇರ್ತದಾ?" ಮೊದಲು ಬಾಯಿ ಹಾಕಲು ಜಾಗವೇ ಇರಲಿಲ್ಲ. ಇವತ್ತಿನ ಪಾರ್ಟಿಯವರಂತೂ ಓದಿನ ನಡುವೆ ಓಣಿಯ ಮೇಲೆ ಜಗಳವಾಡಿ, ರಾಜಿಯಾಗಿ, ತಿದ್ದಿಸಿಕೊಂಡು ಹೋದರು. ಮುಂದೆ ಕೋರ್ಟಿನಲ್ಲಿ ಮಾಡುವ ಜಗಳವನ್ನು ಜನ ನನ್ನ ಬೆಂಚಿನ ಮೇಲೆ ಮಾಡಿದರೆ ನನ್ನ ಬೇರೆ ಕೆಲಸ ಯಾರು ಮಾಡುವುದು?

ಮಾರ್ಚ್ 19, ಬುಧವಾರ

ಬೀರಮ್ಮ ಒಬ್ಬಳೇ ಬಂದಿದ್ದಳು. ಕೆ.ಆರ್. ನಗರಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿದು. ಹಳೆಯ ಸೀರೆ.

"ಅವತ್ತಿನ ಪತ್ರ ಇದ್ಯಾ ಸ್ವಾಮಿ? ಪೂರ್ತಿ ಓದಿ. ಮುಂದಕ್ಕೆ ಏನಿತ್ತು ಅಂತ ಗೊತ್ತಾಗ್ನಿಲ್ಲ."

ಸಹಿಯಾಗದ ಪತ್ರವನ್ನು ಓದಿಸಿಕೊಳ್ಳಲು ಬಂದವರನ್ನು ನಾನು ಈ ಕೆಲಸಕ್ಕೆ ಬಂದ ಮೇಲೆ ನೋಡಿಲ್ಲ. ಆಗುವುದಿಲ್ಲ ಅನ್ನಬೇಕಿತ್ತು. ಆದರೆ ಆ ಪತ್ರವನ್ನು ನಾನೂ ಒಂದು ಸಲವೂ ಪೂರ್ತಿ ಗಟ್ಟಿಯಾಗಿ ಓದಿರಲಿಲ್ಲ. ಅಷ್ಟು ಕಷ್ಟಪಟ್ಟು ಬರೆದದ್ದು. ಟವೆಲ್ಲು ಕಟ್ಟಿದೆ.

ಒಂದೇ ಉಸಿರಿನಲ್ಲಿ ಓದೋಣ ಅಂದುಕೊಂಡೆ, ಬಾಯಿ ಕೇಳಲಿಲ್ಲ. ಎಲ್ಲೆಲ್ಲಿಯೋ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಅವಳು ಕೇಳಿದಳು.

"ವಾರಸುದಾರರು ಅಂದ್ರೆ ನನ್ ಮಗಳೂ ಬಂದ್ಲಾ?"

"ಬಂದಳು."

"ಬ್ಯಾರನ್ನೂ ಸೇರ್ತು?"

"ಸೇರಿತು."

"ನಾನು ಲಂಗ ಹಾಕ್ಕಂಡಿದ್ ಕಾಲದಿಂದ ಅದರ ಒಲೆಗೆ ಸೌದೆ ಒಡ್ಡಿವ್ನಿ ಸ್ವಾಮಿ. ಅಪ್ಪ ಮಲಗ್ತಿದ್ದ, ನಾನು ಉರಿ ನೋಡ್ತಿದ್ದೆ. ಉರಿ ಜಾಸ್ತಿ ಆದ್ರೆ ಸೊಪ್ಪು ಕೆಟ್ಟೋಯ್ತದೆ." ನನ್ನ ಕೈಯಲ್ಲಿದ್ದ ಪತ್ರದ ಕಡೆ ನೋಡಿದಳು. "ಒಂದ್ ಮಾತು ಕೇಳ್ತೀನಿ. ಬಲವಂತ ಅಂದ್ರೆ ಹೊಡ್ದು ಬಡ್ದು ಮಾಡೋದು ಮಾತ್ರನಾ? ಸೀರೆ ಕೊಟ್ಟು ಮಾಡುದ್ರೂ ಅದ್ಕೆ ಬಲವಂತ ಅಂತಾರಾ?"

ಉತ್ತರ ಹೇಳಲು ಬಾಯಿ ತೆರೆದೆ. ಆಗ ಮಿಷನ್ನು ಶುರುವಾಗಬೇಕಿತ್ತು. ಆಗಲಿಲ್ಲ. ಬೇಕಾದಾಗ ಆ ಮಿಷನ್ನು ಬರುವುದೇ ಇಲ್ಲ.

"ಕಾನೂನಿನಲ್ಲಿ ಅದಕ್ಕೆ ಬೇರೆ ಬೇರೆ ವಿವರಣೆ ಇದೆ" ಅಂದೆ. ಅವಳು "ಇರ್ಲಿ ಬುಡಿ" ಅಂದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಣ್ಣ ಒಂದ್ ಸಲ ಕೇಳಿದ್ರೆ ನಾನೇ ಕೊಟ್ಬುಡ್ತಿದ್ನೋ ಏನೋ" ಅಂದಳು.

ಈ ಮಾತು ನನಗೆ ಬೇಕಿತ್ತು. ಪತ್ರಕ್ಕೆ ಇನ್ನೂ ದಾರಿ ಇದೆ.

ಏಪ್ರಿಲ್ 8, ಮಂಗಳವಾರ

ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತದೆ. ಮನೆಯಲ್ಲಿ ಸುನಂದ ಏನಾದರೂ ಅಂದರೆ ಸರಿಯಾಗಿ ಕೇಳಿಸುವುದಿಲ್ಲ, "ಏನಂದೆ?" ಅನ್ನಬೇಕಾಗುತ್ತದೆ. ಇವತ್ತು ಹಾಗೇ ಅಂದೆ. ಅವಳು ಮೊರದಲ್ಲಿದ್ದ ಅಕ್ಕಿ ಬಿಟ್ಟು ನನ್ನ ಮುಖ ನೋಡಿದಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಏನಂದೆ ಅಂತ ಕೇಳ್ತಿದೀರಿ" ಅಂದಳು. ಕಿವಿ ಹಾಳಾದವನನ್ನು ಗೇಲಿ ಮಾಡುವುದು ಯಾವ ನ್ಯಾಯ. ಅವಳು ಅಂದಿದ್ದು ಇಷ್ಟೇ, ಬೀಚನಹಳ್ಳಿಯಲ್ಲಿರುವ ತನ್ನ ಅಕ್ಕನನ್ನು ನೋಡಿಕೊಂಡು ಬರಬೇಕಂತೆ. ಬಹಳ ದಿನದಿಂದ ಹೇಳುತ್ತಿದ್ದಾಳಂತೆ. ಭಾನುವಾರ ಹೋಗಿ ಬರೋಣ ಅಂದೆ. ಮಿಷನ್ನಿನಿಂದ ಒಂದು ದಿನ ದೂರವಾದರೂ ಇರಬಹುದು.

ಶಿವಣ್ಣನಿಗೆ ಫೋನು ಮಾಡಿದೆ. ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಬಾಯಿಮಾತಿಗೆ ಒಂದು ಸಲ ಕೇಳಿಬಿಡು, ಅವಳೇ ಕೊಟ್ಟುಬಿಡುತ್ತಾಳೆ, ಪತ್ರ ಸಿದ್ಧವಾಗಿದೆ ಎಂದೆ. "ಕೇಳೋದಾ?" ಅಂದ, ಯಾರೋ ಅವನಿಗೆ ಸೀರೆ ಉಟ್ಟುಕೋ ಅಂದ ಹಾಗೆ. ಹೆಂಗಸರ ಮರ್ಜಿಗೆ ಬೀಳುವವನು ನಾನಲ್ಲ ಅಂದ. ಸುಮ್ಮನೆ ಒಂದು ಮಾತು, ಪದ್ಧತಿಗೆ, ಅಂದೆ.

ಅಣ್ಣ ತಂಗಿ ಸೇರಿ ಆ ಪತ್ರವನ್ನು ಉಳಿಸಿದರೆ ಸಾಕು.

ಮೇ 5, ಸೋಮವಾರ

ಏನು ಬರೆಯಲಿ.

ಅಣ್ಣ ತಂಗಿ ಇಬ್ಬರೂ ಬಂದರು. ಬೇರೆ ಬೇರೆ ಬಸ್ಸಿನಲ್ಲಿ. ಬೆಂಚಿನ ಎರಡು ತುದಿಯಲ್ಲಿ ಕೂತರು. ನಾನು ಟವೆಲ್ಲು ಕಟ್ಟಿದೆ. ಮೇಲೆ ಎರಡನೇ ಫ್ಲೋರಿನ ಗೋಡೆ ಏಳುತ್ತಿದೆ, ಹತ್ತು ಜನ ಕೆಲಸದವರು. ಎಲ್ಲಾ ನಿಂತಿತು. ಇಷ್ಟು ನಿಶ್ಶಬ್ದ ಈ ಕೋಣೆಯಲ್ಲಿ ಜನವರಿಯಿಂದ ಈಚೆಗೆ ಇರಲಿಲ್ಲ. ವಾಣಿಶ್ರೀಯೂ ಟೈಪು ಮಾಡುವುದನ್ನು ನಿಲ್ಲಿಸಿದಳು, ಅವಳಿಗೆ ಯಾರು ಹೇಳಿದರೋ.

ಶಿವಣ್ಣ ಗೋಡೆಯ ಕ್ಯಾಲೆಂಡರು ನೋಡುತ್ತಾ ಕೇಳಿದ. "ಸ್ವಾಮೇರು ಕೇಳು ಅಂದವ್ರೆ, ಕೇಳ್ತಿವ್ನಿ. ಏನವ್ವ ನಿನ್ ಇಚ್ಛೆ?"

ನಾನು ಪೆನ್ನಿನ ಮುಚ್ಚಳ ತೆಗೆದು ಇಟ್ಟುಕೊಂಡಿದ್ದೆ.

ಬೀರಮ್ಮ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮೇಲೆ ಯಾರೋ ಕೆಮ್ಮಿದ್ದು ಕೇಳಿಸಿತು.

"ನನ್ ಭಾಗ ನಂಗೆ ಬೇಕು ಕಣಣ್ಣ" ಅಂದಳು.

"ಕೇಳಿದ್ರೆ ಕೊಟ್ಬುಡ್ತೀನಿ ಅಂದಿದ್ಯಂತೆ."

"ಕೊಟ್ಬುಡ್ತಿದ್ನೋ ಏನೋ ಅಂದಿದ್ದೆ. ನಂಗೇ ಗೊತ್ತಿರ್ನಿಲ್ಲ. ಯಾರೂ ಕೇಳ್ದೆ ಇದ್ರೆ ಎಂಗ್ ಗೊತ್ತಾಯ್ತದೆ? ಈಗ ನೀನು ಕೇಳ್ದೆ, ಗೊತ್ತಾಯ್ತು."

"ಅಂಗಾರೆ ತವರು ಬ್ಯಾಡ ನಿಂಗೆ."

"ತವರೂ ಬೇಕು" ಅಂದಳು. ಅವಳ ಧ್ವನಿ ಆಗ ಮಾತ್ರ ನಡುಗಿತು. "ಎರಡೂ ನಂದೇ ಅಲ್ವಾ. ಒಂದ ಕೊಟ್ಟು ಒಂದ ಯಾಕೆ ತಗಬೇಕು?"

ಶಿವಣ್ಣ ಎದ್ದು ಹೋದ. ಅವಳು ಕೂತೇ ಇದ್ದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ವಾಣಿಶ್ರೀ ನೀರು ಕೊಟ್ಟಳು. ಮೇಲಿಂದ ಪುಟ್ಟಸ್ವಾಮಿ ಬಗ್ಗಿ, "ಮುಗೀತಾ ಸ್ವಾಮಿ?" ಅಂದ. ಮುಗಿಯಿತು ಅಂದೆ. ಟವೆಲ್ಲು ಬಿಚ್ಚುವುದು ಮರೆತಿದ್ದೆ.

ನನಗೆ ಅನ್ಯಾಯವಾಗಿದೆ. ಇಬ್ಬರ ಒಳ್ಳೆಯದಕ್ಕೆ ಹೋದೆ, ಈಗ ಆ ಪತ್ರ ಯಾವ ಕೆಲಸಕ್ಕೂ ಬಾರದು. ಅದರ ಮೇಲೆ ವಾಣಿಶ್ರೀ ಸಂಜೆ ಹೊರಡುವಾಗ, "ಇವತ್ತು ಚೆನ್ನಾಗಾಯ್ತು ಸಾರ್" ಅಂತಾಳೆ. ಏನು ಚೆನ್ನಾಯಿತು? ಕೇಳಿದರೆ ನಗುತ್ತಾಳೆ.

ಜೂನ್ 12, ಗುರುವಾರ

ಟೈಲ್ಸು. ಕಟಿಂಗ್ ಮಿಷನ್ನು. ಬ್ರೇಕರ್ ಎಷ್ಟೋ ವಾಸಿ ಇತ್ತು, ಅದಕ್ಕೆ ಗಂಡಸಿನ ಧ್ವನಿ. ಇದು ಹಲ್ಲಿನ ಬೇರಿಗೆ ಹೋಗುತ್ತದೆ.

ಪತ್ರಗಳೆಲ್ಲ ಈಗ ಸೌದೆ ಒಟ್ಟಿದ ಹಾಗೇ ಆಗುತ್ತಿವೆ. ಇಷ್ಟಾದರೂ ಜನ ಇಲ್ಲಿಗೇ ಬರುತ್ತಾರೆ, ಹೋದ ವರ್ಷಕ್ಕಿಂತ ಹೆಚ್ಚೇ. ಹೆಂಗಸರು ಒಬ್ಬೊಬ್ಬರೇ ಬಂದು, "ನಮ್ಮ ಪತ್ರ ಬೇರೆ ಕಡೆ ಬರ್ದವ್ರೆ, ನೀವು ಓದಿ ಹೇಳ್ತೀರಂತಲ್ಲ" ಅನ್ನುತ್ತಾರೆ. ಬೇರೆಯವನು ಬರೆದದ್ದನ್ನು ನಾನು ಓದಬೇಕಂತೆ. ಯಾರು ಹಬ್ಬಿಸಿದರು ಇದನ್ನು? ಇವತ್ತು ಇಬ್ಬರಿಗೆ ಓದಿದೆ.

ಜುಲೈ 7, ಸೋಮವಾರ

ಆಷಾಢ. ರಿಜಿಸ್ಟ್ರಿ ಕಡಿಮೆ. ಮಧ್ಯಾಹ್ನ ಶಿವಣ್ಣ ಬಂದು ಬೆಂಚಿನ ಮೇಲೆ ಕೂತ. ಬಹಳ ಹೊತ್ತು ಮಳೆಯ ಮಾತು, ಹೊಗೆಸೊಪ್ಪಿನ ಮಾತು.

"ನಾಟಿಗೆ ಬಂದಿದ್ಲು ಸ್ವಾಮಿ" ಅಂದ ಕೊನೆಗೆ.

"ಯಾರು?"

"ಬೀರಿ. ಬರಬ್ಯಾಡ ಅಂದಿದ್ದೆ ನಾನು, ಬಾಗಿಲು ಮುಚ್ತು ಅಂದಿದ್ದೆ. ಬೆಳಗ್ಗೆ ನೋಡುದ್ರೆ ಹೊಲದಲ್ಲವ್ಳೆ, ಆಳುಗಳ ಜೊತೆ ಸಸಿ ಇಡ್ತಾವ್ಳೆ. ನನ್ನ ಮಾತಾಡುಸ್ನಿಲ್ಲ. ಮಧ್ಯಾಹ್ನ ಒಳಗೆ ಬಂದು ಅವಳೇ ಮುದ್ದೆ ಹಾಕ್ಕಂಡು ಉಂಡ್ಲು. ಸಂಜೆ ಹೊಂಟೋದ್ಲು. ಮಾರನೆ ದಿನಾನೂ ಬಂದ್ಲು." ತಲೆ ಕೆರೆದುಕೊಂಡ. "ಏನ್ ಮಾಡಕಾಯ್ತದೆ ಅಂತೋಳ್ಗೆ."

ಈಚೆಗೆ ಜನ ಮಾತಾಡಿ ನಿಲ್ಲಿಸಿದರೆ ನಾನು ತಕ್ಷಣ ಬಾಯಿ ಹಾಕುವುದಿಲ್ಲ. ಕಿವಿ ಮಂದವಾಗಿದೆ, ಇನ್ನೂ ಏನಾದರೂ ಹೇಳುತ್ತಿದ್ದಾರೋ ಏನೋ ಎಂದು ಕಾಯುತ್ತೇನೆ.

"ವಿಭಾಗ ಪತ್ರ ಬರೀರಿ" ಅಂದ ಶಿವಣ್ಣ. "ಶ್ರಾವಣದಲ್ಲಿ ಮಾಡ್ಬುಡಾವ. ಬ್ಯಾರನ್ನು ಇಬ್ರಿಗೂ ಸೇರ್ದಂಗೆ ಇರ್ಲಿ, ಉರಿ ನೋಡೋದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ನೀವೇ ಓದ್ಬೇಕಂತೆ, ಹೇಳಿ ಕಳಿಸವ್ಳೆ. ನೀವು ಓದುದ್ರೆ ಕೇಳ್ತದಂತೆ."

ಮೂವತ್ತೊಂದು ವರ್ಷ ನಾನು ಓದಿದ್ದು ಇಡೀ ತಾಲ್ಲೂಕಿಗೆ ಕೇಳಿದೆ. ಇದೇನು ಹೊಸ ಹೊಗಳಿಕೆ.

ಆಗಸ್ಟ್ 4, ಸೋಮವಾರ

ಲಾಡ್ಜಿನ ಪ್ರಾರಂಭೋತ್ಸವ. ಚೆಲುವರಾಜು ಲಾಡು ಕೊಟ್ಟು ಹೋದ. "ನೋಡಿ ಸ್ವಾಮಿ, ಮುಗೀತಲ್ಲ. ನಿಮ್ಗೆ ಏನಾದ್ರೂ ತೊಂದ್ರೆ ಆಯ್ತಾ?" ಅಂದ.

ಏನೆಂದು ಹೇಳಲಿ ಅವನಿಗೆ. ಎರಡು ಪುಟದ ವಾಕ್ಯ ಬರೆಯುವ ಕೈ ಹೋಯಿತು, ಒಂದೇ ಉಸಿರಿನ ಓದು ಹೋಯಿತು, ಕಿವಿ ಹೋಯಿತು. ಲಾ‌ಡು ಚೆನ್ನಾಗಿತ್ತು.

ಆಗಸ್ಟ್ 11, ಸೋಮವಾರ

ಇವತ್ತು ವಿಭಾಗ ಪತ್ರ. ಮೇಲೆ ಸದ್ದಿಲ್ಲ. ಪುಟ್ಟಸ್ವಾಮಿ ಎಚ್.ಡಿ. ಕೋಟೆಯಲ್ಲಿ ಬೇರೆ ಯಾರದೋ ತಲೆಯ ಮೇಲೆ ಕಟ್ಟುತ್ತಿದ್ದಾನಂತೆ. ಆದರೂ ಕೆಂಪು ಟವೆಲ್ಲು ಕಿಟಕಿಗೆ ಕಟ್ಟಿಯೇ ಇತ್ತು. ಬೆಳಿಗ್ಗೆ ಬಂದವನೇ ಕಟ್ಟಿದ್ದೆ, ಯಾಕೆಂದು ಗೊತ್ತಿಲ್ಲ. ವಾಣಿಶ್ರೀ ನೋಡಿಯೂ ಬಿಚ್ಚಲಿಲ್ಲ.

ಬೀರಮ್ಮ ಆ ಹೊಸ ಸೀರೆಯನ್ನೇ ಉಟ್ಟು ಬಂದಿದ್ದಳು. ಎರಡು ಮೂರು ಸಲ ಒಗೆದಿದ್ದಾಳೆ, ಮಡಿಕೆ ಹೋಗಿದೆ. ಜೊತೆಗೆ ಮಗಳು ಅನು. ಶಿವಣ್ಣ, ಸಾಕ್ಷಿಗಳು. ಅಣ್ಣ ತಂಗಿ ಒಂದೇ ಬೆಂಚಿನಲ್ಲಿ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅನು ಆ ಜಾಗದಲ್ಲಿ ಕೂತಳು.

ಇವತ್ತಾದರೂ ಹಳೆಯ ಹಾಗೆ ಓದಬೇಕು ಅಂದುಕೊಂಡೆ. ತಡೆಯುವವರು ಯಾರೂ ಇಲ್ಲ, ಮಿಷನ್ನು ಇಲ್ಲ, ಮಿಲ್ಲರಿಲ್ಲ. ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಹೆಸರು, ಊರು, ತಂದೆಯ ಹೆಸರು ಎಲ್ಲಾ ಸರಾಗ.

"ಈ ವಿಭಾಗವನ್ನು ನಾವಿಬ್ಬರೂ ನಮ್ಮ ಸ್ವ ಇಚ್ಛೆಯಿಂದ ಮಾಡಿಕೊಂಡಿರುತ್ತೇವೆ."

ಅಲ್ಲಿಗೆ ಬಾಯಿ ನಿಂತಿತು. ಹಾಳು ಅಭ್ಯಾಸ. ತಲೆ ಎತ್ತಿ ಬೀರಮ್ಮನನ್ನು ನೋಡಿದೆ, ಅವಳು "ಹೂಂ" ಅಂದಳು. ಶಿವಣ್ಣನನ್ನು ನೋಡಿದೆ. ಕೋಣೆಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು.

"ಯಾಕ್ ನಿಲ್ಸುದ್ರಿ ಸ್ವಾಮಿ?" ಅಂದ ಶಿವಣ್ಣ. "ಮಿಷನ್ನು ಇಲ್ವಲ್ಲ."

"ನಿನ್ನ ಕೇಳ್ತಾವ್ರೆ ಕಣಣ್ಣ" ಅಂದಳು ಬೀರಮ್ಮ.

ಶಿವಣ್ಣ ತಲೆ ತಗ್ಗಿಸಿದ. ಅಂಗೈಯಿಂದ ಮಂಡಿ ಉಜ್ಜಿಕೊಂಡ. ತಂಗಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ, "ಹೂಂ" ಅಂದ, "ನನ್ ಇಚ್ಛೇನೂ ಅದೇಯಾ."

ನಾನು ಅವನನ್ನು ಏನೂ ಕೇಳಿರಲಿಲ್ಲ. ಮಿಷನ್ನು ನಿಲ್ಲಲಿ ಎಂದು ಕಾಯುತ್ತಿದ್ದೆ, ಅಷ್ಟೆ.